ಹಾಲು ಕುಡಿದ ಚಿತ್ರಗಳು

ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ತಿಕೋಟಾ ಬಸ್ಸು ಹತ್ತಿದ ಮೇಲೆ ಚಂದ್ರಕಲಾ ಟೀಚರ್ ಮೊದಲು ಮಾಡುವ ಕೆಲಸ ಕಣ್ಣು ಮುಚ್ಚುವುದು. ನಿದ್ದೆಯೇನೂ ಬರುತ್ತಿರಲಿಲ್ಲ. ಆದರೆ ಕಣ್ಣು ಮುಚ್ಚಿಕೊಂಡವರನ್ನು ಯಾರೂ ಮಾತಿಗೆ ಎಳೆಯುವುದಿಲ್ಲ. ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದಂದಿನಿಂದ ಶನಿವಾರದ ಬಸ್ಸಿನಲ್ಲಿ ಕಾಲಿಡಲು ಜಾಗ ಸಿಗುತ್ತಿರಲಿಲ್ಲ. ಕಂಡಕ್ಟರ್ ಮಾತ್ರ ಮುಂದಿನ ಒಂದು ಸೀಟಿನ ಮೇಲೆ ತನ್ನ ಟವೆಲ್ ಹಾಸಿ ಇಟ್ಟಿರುತ್ತಿದ್ದ. ಟೀಚರ್ ಹತ್ತಿದ ಕೂಡಲೇ ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಕಿಟಕಿಯ ಹೊರಗೆ ನೋಡುತ್ತಿದ್ದ. ಅವನ ಹೆಸರನ್ನು ಅವರು ಇನ್ನೂ ಕೇಳಿರಲಿಲ್ಲ. ಪ್ರತಿ ಸಲ ಕೇಳಬೇಕೆಂದುಕೊಳ್ಳುವರು, ಆಯಾಸದಲ್ಲಿ ಮರೆಯುವರು.

ಪಟ್ಟಣದ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾಗಿ ಮೂರು ವರ್ಷವಾಗಿತ್ತು. ನಿವೃತ್ತಿಯಾದ ಹೊಸತರಲ್ಲಿ ಮಣೂಕದ, ಅಂದರೆ ಒಣದ್ರಾಕ್ಷಿಯ, ವ್ಯಾಪಾರಿ ಸಂಗನಬಸವ ಮನೆಗೆ ಬಂದು, ತಾವು ನಾಲ್ಕು ಮಂದಿ ಸೇರಿ ಚಿಣ್ಣರ ಬಳಗ ಅಂತ ಮಾಡಿಕೊಂಡಿದ್ದೇವೆ, ತಿಕೋಟಾದ ಸಣ್ಣ ಮಕ್ಕಳಿಗೆ ವಾರಕ್ಕೊಂದು ದಿನ ಚಿತ್ರ ಕಲಿಸಿರಿ ಎಂದು ಕೈ ಮುಗಿದಿದ್ದರು. ಆಗ ಒಪ್ಪಿಕೊಂಡದ್ದು ಸಂತೋಷದಿಂದಲೇ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಹೂಜಿ, ಬಕೀಟು, ಎಲೆ, ಹೂವು ಬರೆಸಿ ಬರೆಸಿ ಅವರಿಗೂ ಸಾಕಾಗಿತ್ತು. ಕಣ್ಣಿಗೆ ಕಾಣದ್ದನ್ನು ಬರೆಸಬೇಕೆಂಬ ಆಸೆ ಎಂದಿನದೋ.

ಈಗ ಆ ಆಸೆಗೆ ಮೈ ಜೊತೆ ಕೊಡುತ್ತಿರಲಿಲ್ಲ. ಚಾಕ್ ಪೇಸ್ಟಲ್ ಅಂದರೆ ಮೇಣದ ಬಣ್ಣವಲ್ಲ. ಒತ್ತಿದರೆ ಹುಡಿಯಾಗುತ್ತದೆ, ಬೆರಳಿನಿಂದ ತಿಕ್ಕಿದರೆ ಮೋಡದಂತೆ ಹರಡುತ್ತದೆ. ಉಳಿದ ಹುಡಿಯನ್ನು ಮಕ್ಕಳು ಬಾಯಿಂದ ಊದುತ್ತಾರೆ. ಆ ಊದಿದ್ದೆಲ್ಲ ಬಂದು ಟೀಚರ್ ಎದೆಯಲ್ಲಿ ಕೂತಿತ್ತು. ಕೆಮ್ಮು ಬೇಸಿಗೆಯಲ್ಲಿ ಶುರುವಾದದ್ದು ಶ್ರಾವಣ ಬಂದರೂ ಬಿಟ್ಟಿರಲಿಲ್ಲ. ಡಾಕ್ಟರು, ಧೂಳು ಬಿಡ್ರಿ, ಇಲ್ಲಾ ನನ್ನ ಬಿಡ್ರಿ ಎಂದು ನಗುತ್ತಲೇ ಹೇಳಿದ್ದರು. ಆದರೆ ಮಾತು ನಗುವಂಥದ್ದಾಗಿರಲಿಲ್ಲ.

ಮನೆಯವರು ಮಲ್ಲಿನಾಥ. ಗೋಳಗುಮ್ಮಟದ ಎದುರು ಟೋಪಿ, ಆಟಿಕೆ, ಕೀಲಿಕೈ ಗೊಂಚಲು ಮಾರುವ ಸಣ್ಣ ಅಂಗಡಿ ಅವರದು. ಮುಂಜಾನೆ ಚಹಾ ಕುಡಿಯುವಾಗ ಹೆಂಡತಿ ಕೆಮ್ಮಿದ ಪ್ರತಿ ಸಲವೂ ಬಸಿ ಕೆಳಗಿಟ್ಟು ಕಾಯುವರು, ಕೆಮ್ಮು ನಿಂತ ಮೇಲೆ ಮತ್ತೆ ಎತ್ತಿಕೊಳ್ಳುವರು. ಒಂದು ದಿನ ಹಾಗೇ ಕೇಳಿದರು.

"ಬಿಡೂದಾದ್ರ ಬಿಟ್ಟೆ ಅನ್ನು ಟೀಚರಬಾಯಿ. ನಿನ್ನ ಯಾರರೆ ಕಟ್ಟಿ ಹಾಕ್ಯಾರೇನು?"

ಯಾರೂ ಕಟ್ಟಿ ಹಾಕಿರಲಿಲ್ಲ. ಕಷ್ಟ ಇದ್ದದ್ದೇ ಅಲ್ಲಿ. ಕಟ್ಟಿ ಹಾಕಿದ್ದರೆ ಬಿಚ್ಚಿರೆಂದು ಜಗಳವಾಡಬಹುದಿತ್ತು. ಸಾಕು ಎಂಬ ಎರಡಕ್ಷರ ಅವರ ಬಾಯಿಂದ ಹೊರಡುತ್ತಿರಲಿಲ್ಲ. ಜೀವಮಾನದಲ್ಲಿ ಯಾವ ಕೆಲಸಕ್ಕೂ ಅಂದವರಲ್ಲ.

ಅಷ್ಟರಲ್ಲಿ ಸಂಗನಬಸವ ಒಂದು ಸುದ್ದಿ ತಂದರು. ಬಳಗದ ಹಿರಿಯರಿಗೆ ಈ ತರಗತಿಯಿಂದ ಏನು ಆಗುತ್ತಿದೆಯೆಂದು ಕಣ್ಣಾರೆ ಕಾಣಬೇಕಂತೆ. ಪಂಚಮಿ ಮುಗಿದ ಭಾನುವಾರ ವಿಜಯಪುರದ ಒಂದು ಸಭಾಭವನದಲ್ಲಿ ಮಕ್ಕಳ ಚಿತ್ರಗಳನ್ನು ತೂಗು ಹಾಕುವುದು. ಮಂದಿ ಮೆಚ್ಚಿದರೆ ಇನ್ನೊಂದು ವರ್ಷ ನಡೆಯುತ್ತದೆ. ಇಲ್ಲವಾದರೆ ಇಲ್ಲಿಗೆ ಮುಗಿಯಿತು. ಇದನ್ನು ಕೇಳಿದಾಗ ಚಂದ್ರಕಲಾ ಟೀಚರ್ ಮನಸ್ಸಿನಲ್ಲಿ ಒಂದು ವಿಚಾರ ಹಾದುಹೋಯಿತು. ಯಾರೂ ಮೆಚ್ಚದಿದ್ದರೆ ಎಷ್ಟು ಚೆನ್ನ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಮರುಗಳಿಗೆಯೇ ನಾಚಿಕೆಯಾಯಿತು. ಆದರೆ ಬಂದ ವಿಚಾರ ನಾಚಿಕೆಗೆ ಅಂಜಿ ಓಡಿಹೋಗಲಿಲ್ಲ, ಅಲ್ಲೇ ಒಂದು ಮೂಲೆಯಲ್ಲಿ ಕೂತಿತು.

ತಿಕೋಟಾದ ಶಾಲೆಯಲ್ಲಿ ಶನಿವಾರ ಮುಂಜಾನೆಯ ಪಾಠ ಮುಗಿದ ಮೇಲೆ ಚಿತ್ರದ ಪಾಠ. ಒಂದರಿಂದ ಮೂರನೆಯ ಇಯತ್ತೆಯವರು, ಇಪ್ಪತ್ತರ ಹತ್ತಿರ ಮಕ್ಕಳು. ಬಿಸಿಯೂಟದ ಹೊಳೆವ್ವ ಊಟ ಬಡಿಸಿ ಆದ ಮೇಲೂ ಮನೆಗೆ ಹೋಗದೆ ಬಾಗಿಲಲ್ಲಿ ಕೂತಿರುತ್ತಿದ್ದಳು. ಟೀಚರ್‌ಗೆ ಕುಡಿಯಲು ಬಿಸಿನೀರು, ಮಕ್ಕಳ ಕೈ ತೊಳೆಯಲು ಒಂದು ಬಕೀಟು ಉಗುರುಬೆಚ್ಚಗಿನ ನೀರು. ಇದನ್ನು ಯಾರೂ ಅವಳಿಗೆ ಹೇಳಿರಲಿಲ್ಲ.

ಕಾಗದ ನುಣ್ಣಗಿದ್ದರೆ ಪೇಸ್ಟಲ್ ಹತ್ತುವುದಿಲ್ಲ, ಜಾರುತ್ತದೆ. ಊರಿನಲ್ಲಿ ಮಣೂಕ ತುಂಬುವ ರಟ್ಟಿನ ಡಬ್ಬಿಗಳಿಗೇನು ಬರವೇ. ಅವುಗಳನ್ನು ಬಿಡಿಸಿ ಒಳಗಿನ ಒರಟು ಮೈ ಮೇಲೆ ಮಾಡಿದರೆ ಅದೇ ಕಾಗದ. ಬಣ್ಣ ಅದರ ಮೇಲೆ ಕಂಬಳಿಯ ಮೇಲಿನ ಹಿಟ್ಟಿನ ಹಾಗೆ ಹಿಡಿದುಕೊಳ್ಳುತ್ತಿತ್ತು.

ಮೊದಮೊದಲು ಎಲ್ಲ ಮಕ್ಕಳೂ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಮನೆ, ಪಕ್ಕದಲ್ಲಿ ತೆಂಗಿನ ಗಿಡ ಬರೆದಿದ್ದರು. ತಿಕೋಟಾದ ಸುತ್ತ ಅಂಥ ಗುಡ್ಡವೂ ಇಲ್ಲ, ಮನೆಗೊಂದು ತೆಂಗೂ ಇಲ್ಲ. ಟೀಚರ್ ಬೈಯಲಿಲ್ಲ. ಯಾರೂ ಎಂದೂ ನೋಡಿರದ ಒಬ್ಬರನ್ನು ಕರೆದುಕೊಂಡು ಬನ್ನಿ ಎಂದರು. ಅವರು ಬರಬೇಕಾದರೆ ಮೂರು ಪ್ರಶ್ನೆ ಕೇಳಬೇಕು. ನೀನು ಎಲ್ಲಿ ಮಲಗುತ್ತಿ, ಏನು ತಿನ್ನುತ್ತಿ, ಯಾವುದಕ್ಕೆ ಹೆದರುತ್ತಿ. ಉತ್ತರ ಸಿಕ್ಕರೆ ಮುಖ ತಾನೇ ಬರುತ್ತದೆ, ಅದನ್ನು ನಾವು ಬರೆಯುವುದಲ್ಲ.

ಉತ್ತರಗಳು ನಿಧಾನವಾಗಿ ಬಂದವು. ಹೊಳೆವ್ವನ ಮೊಮ್ಮಗ ಮುತ್ತುವಿನ ಚಿತ್ರದಲ್ಲಿ ಗುಮ್ಮಟದಂಥ ಹೊಟ್ಟೆಯ ಒಬ್ಬ ಬಂದ. ಅವನಿಗೆ ಏಳು ಬಾಯಿ, ಯಾರು ಏನು ಅಂದರೂ ಏಳು ಸಲ ತಿರುಗಿ ಅನ್ನುವನು. ಅದಕ್ಕೇ ಅವನಿಗೆ ಮದುವೆಯಾಗಿಲ್ಲ ಎಂದು ಮುತ್ತು ಎಲ್ಲರಿಗೂ ತಿಳಿಸಿದ. ಇನ್ನೊಬ್ಬಳ ಕಾಗದದ ಮೇಲೆ ಅರ್ಧ ಬಸ್ಸು ಅರ್ಧ ಎಮ್ಮೆ. ಅದು ಡೀಸೆಲ್ ಬದಲು ಕಣಿಕೆ ತಿನ್ನುತ್ತಿತ್ತು.

ರೇಣುಕಾ ಎಂಬ ಎರಡನೆಯ ಇಯತ್ತೆಯ ಹುಡುಗಿ ಮಾತ್ರ ಎಷ್ಟೋ ವಾರ ಖಾಲಿ ರಟ್ಟು ಹಿಡಿದು ಕೂತಳು. ಅವಳ ಅಜ್ಜ ಖಂಡಪ್ಪ ಕುರಿ ಹೊಡೆದುಕೊಂಡು ಬಬಲೇಶ್ವರ, ನಿಡೋಣಿ ಕಡೆ ಹೋದರೆ ವಾರಗಟ್ಟಲೆ ಬರುವವನಲ್ಲ. ಒಂದು ದಿನ ಅವಳು ಕಪ್ಪು ಪೇಸ್ಟಲ್ಲನ್ನು ಅಡ್ಡ ಮಲಗಿಸಿ ತಿಕ್ಕಿ ತಿಕ್ಕಿ ರಟ್ಟಿನ ತುಂಬ ಕಪ್ಪು ಮಾಡಿದಳು. ನಡುವೆ ಸಣ್ಣಸಣ್ಣ ಹಳದಿ ಕಣ್ಣುಗಳು, ಎಣಿಸಲಾಗದಷ್ಟು. ಟೀಚರ್ ಪಕ್ಕದಲ್ಲಿ ಕುಕ್ಕರಿಸಿ ಕೂತು ಕೇಳಿದಾಗ ತಲೆ ಎತ್ತದೆ ಉತ್ತರ ಕೊಟ್ಟಳು.

"ಅಜ್ಜನ ಕಂಬಳ್ಯಾಗ ಮಲಗ್ತೈತ್ರಿ."

"ಏನ ತಿಂತದ?"

"ಚಳಿ ತಿಂತೈತಿ. ಅದಕ್ಕ ಅಜ್ಜಗ ಚಳಿ ಹತ್ತೂದಿಲ್ರಿ."

"ಯಾತಕ್ಕ ಹೆದರ್ತದ?"

"ಸಾಬಾಣಕ್ಕ," ಎಂದಳು ರೇಣುಕಾ, ಕಂಬಳಿ ಒಗೆಯುವ ಸೋಪಿಗೆ.

ಆ ದಿನ ಬಸ್ಸಿನಲ್ಲಿ ಚಂದ್ರಕಲಾ ಟೀಚರ್ ಕಣ್ಣು ಮುಚ್ಚಲಿಲ್ಲ.

ಪಂಚಮಿಯ ಹಿಂದಿನ ಶನಿವಾರ ಚಿತ್ರಗಳೆಲ್ಲ ಮುಗಿದವು. ಪೇಸ್ಟಲ್ ಚಿತ್ರ ಮುಗಿದ ಮೇಲೂ ಒಂದು ಕೆಲಸ ಉಳಿಯುತ್ತದೆ, ಬಣ್ಣವನ್ನು ನಿಲ್ಲಿಸುವುದು. ಅದಕ್ಕೆ ಅಂಗಡಿಯಲ್ಲಿ ಸಿಗುವ ಔಷಧ ಎದೆಗೆ ಇನ್ನೂ ಕೆಟ್ಟದ್ದು. ಹಿಂದೆ ಯಾರೋ ಹೇಳಿಕೊಟ್ಟ ಉಪಾಯವನ್ನೇ ಟೀಚರ್ ಮಾಡುತ್ತಿದ್ದರು. ಕೆನೆ ತೆಗೆದ ಹಾಲಿಗೆ ನೀರು ಬೆರೆಸಿ, ಕ್ಷೌರದ ಅಂಗಡಿಯಲ್ಲಿ ತಲೆಗೆ ನೀರು ಸಿಂಪಡಿಸುವಂಥ ಬಾಟಲಿಗೆ ತುಂಬಿ, ಮಾರುದ್ದ ದೂರ ನಿಂತು ಇಬ್ಬನಿಯಷ್ಟೇ ಬೀಳುವಂತೆ ಹೊಡೆಯುವುದು. ಒಣಗಿದ ಮೇಲೆ ಬಣ್ಣ ಕೈಗೆ ಹತ್ತುವುದಿಲ್ಲ. ಆ ದಿನ ಒಂದು ಚಿತ್ರಕ್ಕೆ ಹೊಡೆದು ತೋರಿಸಿದರು. ಹಾಲು ಕಂಡು ಮಕ್ಕಳಿಗೆ ಅಚ್ಚರಿ. ಚಿತ್ರಕ್ಕೆ ಹಾಲು ಯಾಕೆಂದು ಕೇಳಿದ್ದಕ್ಕೆ, ಹಾಲು ಸಿಕ್ಕರೆ ಇವರು ಉಳಿಯುತ್ತಾರೆ, ಇಲ್ಲದಿದ್ದರೆ ಉದುರಿ ಹೋಗುತ್ತಾರೆ ಎಂದರು. ಇನ್ನೂ ಹೇಳುವವರಿದ್ದರು. ಅಷ್ಟರಲ್ಲಿ ಕೆಮ್ಮು ಒತ್ತಿ ಬಂತು. ಗೋಡೆ ಹಿಡಿದು ಕೆಮ್ಮಿದರು. ಹೊಳೆವ್ವ ನೀರು ತಂದು, ಬೆನ್ನು ತಿಕ್ಕಿ, ಮಕ್ಕಳನ್ನು ಗದರಿ ಕೂರಿಸಿದಳು.

ಬೇರೆ ದಿನವಾಗಿದ್ದರೆ ಟೀಚರ್ ರಟ್ಟುಗಳನ್ನು ಮನೆಗೆ ಹೊತ್ತೊಯ್ದು ಒಂದೊಂದಕ್ಕೂ ತಾವೇ ಹಾಲು ಹೊಡೆಯುತ್ತಿದ್ದರು. ಅಂದು ಕೈ ಎತ್ತುವ ಶಕ್ತಿಯೂ ಇರಲಿಲ್ಲ. ಹಬ್ಬದ ಗದ್ದಲದ ಬಸ್ಸಿನಲ್ಲಿ ಬಣ್ಣವೆಲ್ಲ ಮಂದಿಯ ಸೀರೆಗೆ ಹತ್ತಿಹೋಗುವುದೂ ನಿಜ. ಅವರವರ ಚಿತ್ರ ಅವರವರ ಮನೆಯಲ್ಲಿ ಇರಲಿ, ಮೇಲೊಂದು ಪೇಪರ್ ಮುಚ್ಚಿಡಿ, ಮುಂದಿನ ಶನಿವಾರ ತನ್ನಿ ಎಂದು ಕಳಿಸಿಬಿಟ್ಟರು. ಬಸ್ಸಿನಲ್ಲಿ ಕೂತಾಗ ಏನೋ ಹೇಳುವುದು ಬಿಟ್ಟುಹೋಯಿತೆಂದು ಅನಿಸಿತು. ಏನೆಂದು ನೆನಪಿಸಿಕೊಳ್ಳುವ ಮೊದಲೇ ಬಸ್ಸು ಊರು ಮುಟ್ಟಿತು.

ಆ ಸೀಮೆಯಲ್ಲಿ ಪಂಚಮಿಯ ದಿನ ನಾಗಪ್ಪನಿಗೆ ಹಾಲೆರೆಯುವುದು ಬರೀ ತನಗಾಗಿ ಅಲ್ಲ. ಕೊಬ್ಬರಿ ಬಟ್ಟಲಿನಲ್ಲಿ ಬೆಲ್ಲದ ಹಾಲು ಹಿಡಿದು ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಒಬ್ಬೊಬ್ಬರ ಹೆಸರಿನಲ್ಲೂ ಸ್ವಲ್ಪ ಸ್ವಲ್ಪ ಎರೆಯುತ್ತಾರೆ. ಎದುರಿಗಿಲ್ಲದವರ ಪಾಲನ್ನೂ ಮರೆಯುವುದಿಲ್ಲ. ಚಂದ್ರಕಲಾ ಟೀಚರ್ ಕೂಡ ಆ ದಿನ ಮನೆಯಲ್ಲಿ ಮಣ್ಣಿನ ನಾಗಪ್ಪನಿಗೆ ಹಾಗೇ ಎರೆದರು. ಎರೆಯುವಾಗಲೂ ಅವರಿಗೆ ಏನೂ ಹೊಳೆಯಲಿಲ್ಲ.

ಶನಿವಾರ ಶಾಲೆಯ ಬಾಗಿಲಿಗೆ ಬಂದಾಗ ಮಕ್ಕಳು ಆಗಲೇ ರಟ್ಟುಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು ಕಾಯುತ್ತಿದ್ದರು. ಟೀಚರ್ ಹೊಸ್ತಿಲಲ್ಲೇ ನಿಂತರು. ರಟ್ಟುಗಳು ಉಬ್ಬಿ, ಸೊಟ್ಟಗಾಗಿ, ಹಪ್ಪಳದಂತೆ ಅಂಚು ಎತ್ತಿದ್ದವು. ಬಣ್ಣಗಳು ಒಂದರೊಳಗೊಂದು ಹರಿದು ರಾಡಿಯಾಗಿದ್ದವು. ಅಲ್ಲಲ್ಲಿ ಬೆಲ್ಲದ ಅಂಟು, ಅರಳಿನ ಕಾಳು, ಕುಂಕುಮ. ಇರುವೆಗಳ ಒಂದು ಸಾಲು ಏಳು ಬಾಯಿಯವನ ಹೊಟ್ಟೆಯನ್ನು ಹಾದು ಗೋಡೆಯ ಕಡೆ ಹೋಗುತ್ತಿತ್ತು.

"ಟೀಚರ್, ನಂದು ಒಂದ ಹನಿ ಬಿಡಲಾರದಂಗ ಕುಡದೈತ್ರಿ," ಎಂದ ಮುತ್ತು.

ಬಸ್ಸಿನ ಎಮ್ಮೆಯ ಹುಡುಗಿ ತನ್ನದು ಎರಡು ಬಟ್ಟಲು ಕುಡಿಯಿತೆಂದಳು. ನಿಂದು ಎಮ್ಮಿ ಬಿಡಲೇ, ಎಷ್ಟರ ಕುಡೀತೈತಿ ಎಂದು ಮುತ್ತು ತಳ್ಳಿಹಾಕಿದ. ಎಲ್ಲರ ಮುಖದಲ್ಲೂ ಹೇಳಿದ ಕೆಲಸ ಹೇಳಿದಂತೆ ಮಾಡಿ ಬಂದವರ ಹೆಮ್ಮೆ.

ಯಾರು ಹೀಗೆ ಮಾಡಲು ಹೇಳಿದರೆಂದು ಟೀಚರ್ ಮೆಲ್ಲಗೆ ಕೇಳಿದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೀವೇ ಹೇಳಿದಿರಲ್ಲ, ಹಾಲು ಸಿಗದಿದ್ದರೆ ಉದುರಿ ಹೋಗುತ್ತಾರೆಂದು. ಮನೆಯಲ್ಲಿ ಆ ಬಾಟಲಿ ಇರಲಿಲ್ಲ. ಆದರೆ ಪಂಚಮಿ ದಿನ ಎಲ್ಲರ ಕೈಯಲ್ಲೂ ಹಾಲಿನ ಬಟ್ಟಲಿತ್ತು.

ಹೊಳೆವ್ವ ಬಾಗಿಲಿನಿಂದಲೇ ಸೇರಿಸಿದಳು. "ನಾಗಪ್ಪಗ ಎರದು ಬಂದ್ವಿರಿ. ಈ ಮುತ್ತು ಮತ್ತ ಬಟ್ಟಲ ಹಿಡಕೊಂಡ ರಟ್ಟಿನ ಮುಂದ ಕುಂತ. ದೇವರ ಪಾಲು, ಅಜ್ಜಿ ಪಾಲು, ನಾಯಿ ಪಾಲು. ಸಾಲಿ ಕೆಲಸ ಇರಬೇಕು ಅಂತ ನಾನೂ ಇನ್ನೊಂದು ಬಟ್ಟಲ ಹಾಲು ಕೊಟ್ಟೆ ನೋಡ್ರಿ."

ಟೀಚರ್ ಕುರ್ಚಿಯ ಮೇಲೆ ಕೂತರು. ಬಿಟ್ಟುಹೋಗಿದ್ದ ಮಾತು ಈಗ ನೆನಪಾಯಿತು. ನೀವು ಹಾಕಬೇಡಿ, ನಾನು ಹಾಕುತ್ತೇನೆ, ಅಷ್ಟೇ. ಅಷ್ಟು ಹೇಳುವುದಕ್ಕೆ ಉಸಿರಿರಲಿಲ್ಲ. ಎದೆಯಲ್ಲಿ ಮೊದಲು ಎದ್ದದ್ದು ದುಃಖವಲ್ಲ, ಒಂದು ಹಗುರ ಭಾವ. ಮುಗಿಯಿತು. ತಾನು ಏನೂ ಅನ್ನಬೇಕಾಗಿಲ್ಲ, ಹಾಲೇ ಎಲ್ಲ ಹೇಳಿಬಿಟ್ಟಿದೆ. ಆಮೇಲೆ ಮಕ್ಕಳ ಮುಖ ನೋಡಿದರು. ಆ ಹಗುರ ಉಳಿಯಲಿಲ್ಲ.

ಚಿತ್ರ ಒಯ್ಯಲು ಸಂಗನಬಸವ ಕಾರು ತಂದಿದ್ದರು. ಒಳಗೆ ಬಂದು, ಒಂದು ರಟ್ಟನ್ನು ಎರಡು ಬೆರಳಿನಿಂದ ಎತ್ತಿ, ಮೂಸಿ, ಕೆಳಗಿಟ್ಟರು. ಒಳ್ಳೆಯ ಮನುಷ್ಯ. ನಗು ಬಂದರೂ ಮಕ್ಕಳ ಎದುರು ನಗಲಿಲ್ಲ. ಟೀಚರನ್ನು ವರಾಂಡಕ್ಕೆ ಕರೆದು ದನಿ ತಗ್ಗಿಸಿದರು.

"ಇವನ್ನ ಹೆಂಗ ತೂಗ ಹಾಕೂದ್ರಿ ಟೀಚರ್? ನೊಣ ಬರ್ತಾವ."

ಟೀಚರ್ ನಡೆದದ್ದನ್ನು ಹೇಳಿದರು. ತಪ್ಪು ಮಕ್ಕಳದಲ್ಲ, ಅರ್ಧ ಹೇಳಿ ಕಳಿಸಿದ ತಮ್ಮದು ಎಂದೂ ಹೇಳಿದರು. ಸಂಗನಬಸವ ತಲೆದೂಗುತ್ತ ಕೇಳಿ, ಹೆಗಲ ಮೇಲಿನ ಶಾಲು ಸರಿಮಾಡಿಕೊಂಡರು.

"ಹೋಗ್ಲಿ ಬಿಡ್ರಿ. ನಿಮ್ಮನ್ನ ನೋಡೇನಿ, ಬಾಳ ದಣದೀರಿ. ಹಿರ್ಯಾರಿಗೆ ನಾ ಹೇಳ್ತೀನಿ, ಇಲ್ಲಿಗೆ ಸಾಕು ಮಾಡೂಣು ಅಂತ. ನಿಮ್ಮ ಮ್ಯಾಲ ಒಂದ ಮಾತ ಬರಲಾರದಂಗ ನೋಡ್ಕೋತೀನಿ."

ಎಷ್ಟು ತಿಂಗಳಿಂದ ಬೇಕಾಗಿದ್ದ ಮಾತು, ಬೇರೆಯವರ ಬಾಯಿಂದ, ಅದೂ ಇಷ್ಟು ಮೆತ್ತಗೆ. ಆಗಲಿ ಎನ್ನಲು ಚಂದ್ರಕಲಾ ಟೀಚರ್ ಬಾಯಿ ತೆರೆದರು. ಸೀರೆಯ ಸೆರಗನ್ನು ಯಾರೋ ಹಿಡಿದು ಜಗ್ಗಿದಂತಾಯಿತು. ರೇಣುಕಾ. ಇನ್ನೊಂದು ಕೈಯಲ್ಲಿ ಅವಳ ರಟ್ಟು, ಅದರ ಮೇಲೆ ಬರೀ ಒಂದು ಕಪ್ಪು ಹೆಂಟೆ. ಕಣ್ಣುಗಳೆಲ್ಲ ಮುಳುಗಿಹೋಗಿದ್ದವು.

"ಕೆಮ್ಮ ಕಮ್ಮಿ ಆತೇನ್ರಿ ಟೀಚರ್?"

ಯಾಕೆ ಕೇಳುತ್ತೀ ಎಂದರು.

"ಅಜ್ಜನ ಪಾಲ ಹಾಕಿದ ಮ್ಯಾಲ ನಿಮ್ಮ ಪಾಲೂ ಹಾಕೇನ್ರಿ. ಚಳಿ ಸಾಕು, ಇನ್ನ ಟೀಚರ್ ಕೆಮ್ಮ ತಿನ್ನು ಅಂತ ಹೇಳೇನಿ ಇದಕ್ಕ."

ಟೀಚರ್ ಉತ್ತರ ಕೊಡಲು ಹೋದರು, ಬಂದದ್ದು ಕೆಮ್ಮೇ. ಬಹಳ ಹೊತ್ತು ಕೆಮ್ಮಿದರು. ರೇಣುಕಾಗೆ ಗಾಬರಿಯೂ ಆಗಲಿಲ್ಲ, ಬೇಸರವೂ ಆಗಲಿಲ್ಲ. ರಟ್ಟನ್ನು ನೋಡಿ, "ಇನ್ನಾ ಹಾಲಿಂದ ಹೊಟ್ಟಿ ತುಂಬೈತಿ. ನಾಳೆ ತಿಂತೈತಿ ಬಿಡ್ರಿ," ಎಂದು ಒಳಗೆ ಹೋದಳು.

ಸಂಗನಬಸವ ಉತ್ತರಕ್ಕೆ ಕಾಯುತ್ತ ನಿಂತಿದ್ದರು. ಟೀಚರ್ ಕಣ್ಣೊರೆಸಿಕೊಂಡರು. ನಾಳೆ ಗೋಡೆಯ ಮೇಲೆ ಏನೂ ತೂಗು ಹಾಕುವುದು ಬೇಡ, ಮಕ್ಕಳನ್ನೇ ಕರೆತರುತ್ತೇನೆ, ಮಂದಿಯ ಎದುರೇ ಕೂತು ಬರೆಯಲಿ ಎಂದರು. ಸಭಾಭವನದ ಹಾಸುಗಲ್ಲೆಲ್ಲ ಧೂಳಾಗುತ್ತದೆಂದು ಸಂಗನಬಸವ ಅಂಜಿದರು. ಒರೆಸಿ ಕೊಡುತ್ತೇವೆ ಎಂದರು ಟೀಚರ್. ಹಾಗೆಂದ ಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು.

ಭಾನುವಾರ ಮುಂಜಾನೆ ಹೊಳೆವ್ವ ಮಕ್ಕಳನ್ನು ಎರಡು ಸಾಲು ಮಾಡಿ ಬಸ್ಸು ಹತ್ತಿಸಿದಳು. ಮಲ್ಲಿನಾಥ ವಾರದ ದೊಡ್ಡ ಗಿರಾಕಿಯ ದಿನವೇ ಅಂಗಡಿ ಮುಚ್ಚಿ, ಒದ್ದೆ ಬಟ್ಟೆ, ಬಕೀಟು ಹಿಡಿದು ಸಭಾಭವನಕ್ಕೆ ಬಂದಿದ್ದರು. ಟೋಪಿಗಳು ಬಿಸಿಲಿದ್ದ ದಿನವೆಲ್ಲ ಖರ್ಚಾಗುತ್ತವೆ ಎಂದರು, ಕೇಳದಿದ್ದರೂ.

ಜನ ಬಂದರು. ಬಳಗದ ಹಿರಿಯರು, ಅವರ ಮನೆಯ ಹೆಂಗಸರು, ಪೇಟೆಯ ಮಕ್ಕಳು. ತಿಕೋಟಾದ ಮಕ್ಕಳು ನೆಲದ ಮೇಲೆ ಹೊಸ ರಟ್ಟು ಹಿಡಿದು ಕೂತರು. ಇಷ್ಟು ದೊಡ್ಡ ಕೋಣೆ, ಇಷ್ಟು ಹೊಳೆಯುವ ನೆಲ, ಇಷ್ಟು ಮಂದಿಯ ಕಾಲು. ಯಾರೂ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಟೀಚರ್ ನಡುವೆ ನಡೆದು ನೋಡಿದರು. ಮುತ್ತುವಿನ ರಟ್ಟಿನ ಮೇಲೆ ಎರಡು ಗುಡ್ಡ, ನಡುವೆ ಸೂರ್ಯ. ಪಕ್ಕದವಳದರ ಮೇಲೂ ಗುಡ್ಡ, ಸೂರ್ಯ, ತೆಂಗಿನ ಗಿಡ. ರೇಣುಕಾ ಖಾಲಿ ರಟ್ಟು ಹಿಡಿದು ಕೂತಿದ್ದಳು. ಹಿಂದೆ ನಿಂತ ಹಿರಿಯರೊಬ್ಬರು, ಚಲೋ ಬರದಾವ, ಎಲ್ಲಾ ಸಾಲ್ಯಾಗೂ ಹಿಂಗ ಬರೀತಾವ ಎಂದು ಪಕ್ಕದವರಿಗೆ ಹೇಳುತ್ತಿದ್ದುದು ಕೇಳಿಸಿತು.

ಮಕ್ಕಳಿಗೆ ಏನಾದರೂ ಹೇಳಬೇಕೆಂದರೆ ಟೀಚರ್ ದನಿ ಪೂರ್ತಿ ಕೂತಿತ್ತು. ಗೋಡೆ ಹಿಡಿದು ಮೆಲ್ಲಗೆ ನೆಲಕ್ಕಿಳಿದರು. ಒಂದು ರಟ್ಟು ಎಳೆದುಕೊಂಡರು. ಮೂರು ವರ್ಷದಲ್ಲಿ ಮಕ್ಕಳ ಎದುರು ಅವರು ಒಂದು ಗೆರೆಯನ್ನೂ ಎಳೆದವರಲ್ಲ. ನೋಡಿ ನೋಡಿ ಅದನ್ನೇ ಬರೆಯುತ್ತಾರೆಂದು. ಈಗ ಬೂದಿ ಬಣ್ಣದ ಪೇಸ್ಟಲ್ ತೆಗೆದುಕೊಂಡು, ಯೋಚಿಸದೆ, ಕೈ ಹೋದಂತೆ ಬಿಟ್ಟರು. ಚೀಲದಂತೆ ಜೋತುಬಿದ್ದ ಒಂದು ಮೈ ಬಂತು. ಬಹಳ ಉದ್ದದ ಕೈಗಳು, ಅವುಗಳ ತುಂಬ ಏನೇನೋ ಗಂಟು. ಮುಖ ಇನ್ನೂ ಬಂದಿರಲಿಲ್ಲ.

ಮೊದಲು ಬಂದವಳು ರೇಣುಕಾ. ಆಮೇಲೆ ಮುತ್ತು. ನೋಡನೋಡುತ್ತ ಮಕ್ಕಳೆಲ್ಲ ಸುತ್ತ ಮುತ್ತಿಕೊಂಡರು. ಟೀಚರ್ ಬರೆಯುವುದನ್ನು ಅವರು ನೋಡಿಯೇ ಇರಲಿಲ್ಲ.

"ಇದು ಎಲ್ಲಿ ಮಲಗ್ತೈತ್ರಿ?" ರೇಣುಕಾ ಕೇಳಿದಳು.

"ಬಸ್ಸಿನ್ಯಾಗ," ಟೀಚರ್ ಪಿಸುಗುಟ್ಟಿದರು.

"ಏನ ತಿಂತೈತಿ?"

"ಬಣ್ಣದ ಹುಡಿ."

"ಯಾತಕ್ಕ ಹೆದರ್ತೈತಿ?"

ಟೀಚರ್ ಪೇಸ್ಟಲ್ ಕೆಳಗಿಟ್ಟರು. ಸುತ್ತ ಅಷ್ಟು ಸಣ್ಣ ಮುಖಗಳು ಉತ್ತರಕ್ಕೆ ಕಾಯುತ್ತಿದ್ದವು. ಇವರಿಗೆ ಸುಳ್ಳು ಹೇಳಿದರೆ ಮುಖ ಬರುವುದಿಲ್ಲವೆಂದು ತಾವೇ ಕಲಿಸಿದ್ದರು.

"ಸಾಕು ಅನ್ನಾಕ ಹೆದರ್ತದ."

ಮಕ್ಕಳಿಗೆ ಇದು ನಗುವ ಮಾತಾಗಿ ಕಂಡಿತು. "ಅದಕ್ಕ ಯಾಕ ಹೆದರ್ಬೇಕ್ರಿ?" ಎಂದ ಮುತ್ತು. "ನಮ್ಮವ್ವ ದಿನಾ ಅಂತಾಳ."

ಟೀಚರ್‌ಗೂ ನಗು ಬಂತು, ನಗುವಿನ ಹಿಂದೆ ಕೆಮ್ಮು. ಕೆಮ್ಮುತ್ತಲೇ ಆ ಮೈಗೆ ಒಂದು ಮುಖ ಬರೆದರು, ಬಾಯಿ ಅರ್ಧ ತೆರೆದದ್ದು. ತಲೆ ಎತ್ತಿ ನೋಡುವಷ್ಟರಲ್ಲಿ ಮಕ್ಕಳು ತಮ್ಮ ತಮ್ಮ ಜಾಗಕ್ಕೆ ಹೋಗಿ ಗುಡ್ಡ ಸೂರ್ಯರನ್ನು ಅಂಗೈಯಿಂದ ತಿಕ್ಕಿ ಹಾಕುತ್ತಿದ್ದರು. ಹುಡಿ ಎದ್ದಿತು. ಮಲ್ಲಿನಾಥ ಬಂದು ಕಿಟಕಿಗಳನ್ನೆಲ್ಲ ತೆರೆದರು.

ಆಮೇಲಿನದನ್ನು ಟೀಚರ್ ಗೋಡೆಗೆ ಒರಗಿ ಕೂತೇ ನೋಡಿದರು. ಪೇಟೆಯ ಮಕ್ಕಳು ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟು ನೆಲಕ್ಕಿಳಿದರು. ರೇಷ್ಮೆ ಸೀರೆಯ ಒಬ್ಬಾಕೆ, ಚೆನ್ನಾಗಿದೆ ಎಂದು ಹೋಗಿಬಿಡುವುದರಲ್ಲಿದ್ದವಳು, ಮುತ್ತುವಿನ ಏಳು ಬಾಯಿಯವನಿಗೆ ಹೆಣ್ಣು ಹುಡುಕುವ ಮಾತಿಗೆ ಸಿಕ್ಕಿ ಅಲ್ಲೇ ಕೂತಳು. ಮಧ್ಯಾಹ್ನದ ಹೊತ್ತಿಗೆ ಹೆಗಲ ಮೇಲೆ ಕಂಬಳಿ ಹೊತ್ತ ಒಬ್ಬ ಮುದುಕ ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎಂದು ನೋಡುತ್ತಿದ್ದ. ಖಂಡಪ್ಪ. ಕುರಿಗಳನ್ನು ಇನ್ನೊಬ್ಬರಿಗೆ ಒಪ್ಪಿಸಿ ಬಬಲೇಶ್ವರದಿಂದ ಬಸ್ಸಿಗೆ ಬಂದಿದ್ದ. ರೇಣುಕಾ ಅವನ ಕೈ ಹಿಡಿದು, ಹಳದಿ ಕಣ್ಣುಗಳು ಮತ್ತೆ ಮೂಡಿದ್ದ ತನ್ನ ರಟ್ಟಿನ ಎದುರು ತಂದು ನಿಲ್ಲಿಸಿದಳು. ಅವನು ಬಹಳ ಹೊತ್ತು ನೋಡಿದ. ಇದು ಯಾರೆಂದು ಮೊಮ್ಮಗಳು ಕಿವಿಯಲ್ಲಿ ಹೇಳಿದಳು. ಖಂಡಪ್ಪ ಕಂಬಳಿಯನ್ನು ಹೆಗಲಿನಿಂದ ಇಳಿಸಿ, ಮೊದಲಿಗಿಂತ ಜೋಪಾನವಾಗಿ ಮಡಚಿ, ತೊಡೆಯ ಮೇಲಿಟ್ಟುಕೊಂಡು ಕೂತ.

ಸಂಜೆಗೆ ಮುಂಚೆ ಸಂಗನಬಸವ ನಗುನಗುತ್ತ ಬಂದರು. ಹಿರಿಯರು ಒಪ್ಪಿದ್ದಾರೆ, ಇನ್ನೊಂದು ವರ್ಷ ಖಂಡಿತ, ಆಮೇಲೂ ನೋಡೋಣ ಎಂದಿದ್ದಾರೆ. ಎಲ್ಲ ನಿಮ್ಮಿಂದಲೇ ಟೀಚರ್ ಎಂದರು. ಚಂದ್ರಕಲಾ ಟೀಚರ್ ಸಂತೋಷಪಟ್ಟರು. ಅದು ಸುಳ್ಳಲ್ಲ. ಆ ಸಂತೋಷದ ಬೆನ್ನಿಗೇ ಒಂದು ವರ್ಷದ ಶನಿವಾರಗಳೆಲ್ಲ ಸಾಲುಗಟ್ಟಿ ಎದುರಿಗೆ ನಿಂತವು. ಕೂತ ಜಾಗದಿಂದ ಏಳಲು ಕೈ ಚಾಚಿದರು. ಸಂಗನಬಸವ ಹಿಡಿದು ಎಬ್ಬಿಸಿದರು. ಆ ಕೈಯನ್ನು ಬಿಡದೆಯೇ ಟೀಚರ್ ಹೇಳಿದರು.

"ತರಗತಿ ನಡೀಲಿ. ನನಗ ಸಾಕಾಗೈತ್ರಿ. ದೀಪಾವಳಿ ತನಕ ಬರ್ತೀನಿ, ಅಷ್ಟರಾಗ ಯಾರನ್ನರೆ ಹುಡುಕ್ರಿ."

"ನಿಮ್ಮಂಥೋರು ಯಾರ ಸಿಗ್ತಾರ್ರಿ?"

"ನನ್ನಂಥೋರು ಬ್ಯಾಡ. ಎದಿ ಗಟ್ಟಿ ಇರೋರು ಬೇಕು. ಬಂದೋರಿಗೆ ಹಾಲ ಹೆಂಗ ಹೊಡೀಬೇಕು ಅನ್ನೂದು ಪೂರಾ ಹೇಳಿಕೊಡ್ತೀನಿ."

ಸಂಗನಬಸವ ಅವರ ಮುಖ ನೋಡಿದರು. ಹುಡುಕುತ್ತೇನೆ ಎಂದರು. ಸಿಗುತ್ತಾರೋ ಇಲ್ಲವೋ ಇಬ್ಬರಿಗೂ ಗೊತ್ತಿರಲಿಲ್ಲ.

ನೆಲ ಒರೆಸುವುದನ್ನು ಮಲ್ಲಿನಾಥ ಮತ್ತು ಹೊಳೆವ್ವ ಮುಗಿಸಿದ್ದರು. ಹೊಳೆವ್ವನೊಂದಿಗೆ ಮಕ್ಕಳನ್ನು ತಿಕೋಟಾಕ್ಕೆ ಮುಟ್ಟಿಸಿ ಬರಬೇಕಿತ್ತು. ಟೀಚರ್ ಬಸ್ಸು ಹತ್ತಿ ಕೂತ ಮೇಲೆ ನೋಡಿದರೆ ಹಿಂದಿನಿಂದ ಮಲ್ಲಿನಾಥರೂ ಹತ್ತುತ್ತಿದ್ದರು. ಬಣ್ಣದ ಕೈಯ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಆಗಲೇ ಒಬ್ಬರ ಮೇಲೊಬ್ಬರು ಬಿದ್ದು ತೂಕಡಿಸುತ್ತಿದ್ದರು.

ನೀವು ಯಾಕೆ ಬಂದಿರಿ, ನಾನು ಹೋಗಿ ಬರುತ್ತಿದ್ದೆನಲ್ಲ ಎಂದರು ಟೀಚರ್. ಮಲ್ಲಿನಾಥ ಪಕ್ಕದಲ್ಲಿ ಕೂತು, ಮುತ್ತುವಿನ ತಲೆ ಕಿಟಕಿಗೆ ಬಡಿಯದಂತೆ ಕೈ ಅಡ್ಡ ಹಿಡಿದರು.

"ನೀ ಮಲಕೋ. ಹುಡುಗುರನ್ನ ನಾ ಇಳಸ್ತೀನಿ."

ಚಂದ್ರಕಲಾ ಟೀಚರ್ ಕಣ್ಣು ಮುಚ್ಚಿದರು. ಬಸ್ಸು ಊರು ದಾಟುವ ಮೊದಲೇ ಅವರಿಗೆ ನಿಜವಾದ ನಿದ್ದೆ ಹತ್ತಿತ್ತು. ತಿಕೋಟಾದಲ್ಲಿ ಮಕ್ಕಳು ಸದ್ದು ಮಾಡದೆ, ಒಬ್ಬೊಬ್ಬರಾಗಿ ಅವರನ್ನು ದಾಟಿ ಇಳಿದದ್ದೂ ಗೊತ್ತಾಗಲಿಲ್ಲ.